ಉಳಿದರ್ಧ ನೋವು ಹೊರುತ್ತಿರುವ ತಾಯಿಗೆ

ಇಳಕಲ್ಲಿನ ಕೆಳಕೇರಿ
ಇಳಿವಿನ ಇನ್ನೂರಾ ಹದಿನೇಳನೆಯ ವರ್ಷ, ಹದಿಮೂರನೆಯ ತಿಂಗಳು

ತಾಯಿ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಿಮ್ಮ ಕಾಲ ಮುಗಿದ ಮೇಲೆ ನಮ್ಮವರು ಬಿಸಿಲು ತಾಳಲಾರದೆ ಊರ ಸುತ್ತಲಿನ ಕಲ್ಲುಗಣಿಗಳೊಳಗೆ ಇಳಿದು ಮನೆ ಮಾಡಿಕೊಂಡರು. ಅದನ್ನು ಇಳಿವು ಎನ್ನುತ್ತೇವೆ. ನಮ್ಮ ವರ್ಷದ ಲೆಕ್ಕ ಅಲ್ಲಿಂದ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ನಾನು ಕೇರಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ದಿನಕ್ಕೆ ನಾಲ್ಕು ಸಾಲು ಬರೆದಿಡುವ ರೂಢಿ ಇದೆ. ಕಾಗದ ಬರೆಯುವ ರೂಢಿ ಇಲ್ಲ, ಅದರಲ್ಲೂ ಎಂದೋ ತೀರಿಕೊಂಡವರಿಗೆ.

ನಿಮ್ಮಲ್ಲಿ ಒಂದು ಬೇಡಿಕೆ ಇದೆ. ಅದಕ್ಕೆ ಮುಂಚೆ, ನಮ್ಮಲ್ಲಿ ಮುಟ್ಟಿನ ಹೊಟ್ಟೆನೋವನ್ನು ಹೇಗೆ ಕಳೆಯುತ್ತೇವೆಂದು ಹೇಳಬೇಕು.

ಗುಳಿಗೆಗಳು ಈಗಿಲ್ಲ. ಬಿಸಿ ಬಟ್ಟೆ ಇದೆ, ಶುಂಠಿ ಬೆಲ್ಲದ ಕಷಾಯ ಇದೆ. ಇವು ನಿಮಗೂ ಗೊತ್ತು. ನಿಮಗೆ ಗೊತ್ತಿಲ್ಲದ್ದು ಜೋಡಿಡಾಬು. ಸೊಂಟಕ್ಕೆ ಕಟ್ಟುವ ನೂಲಿನ ಪಟ್ಟಿ ಅದು. ಒಂದೇ ಉದ್ದಕ್ಕೆ ನೇಯ್ದು ನಡುವೆ ಕತ್ತರಿಸುತ್ತಾರೆ. ಒಂದು ತುಂಡು ಮಗಳಿಗೆ, ಇನ್ನೊಂದು ಹೆತ್ತವಳಿಗೆ. ಮಗಳ ನೋವಿನಲ್ಲಿ ಅರ್ಧ ತಾಯಿಯ ಹೊಟ್ಟೆಗೆ ಬಂದುಬಿಡುತ್ತದೆ. ತಾಯಿ ತನ್ನ ಹೊಟ್ಟೆಗೆ ಬಿಸಿ ಬಟ್ಟೆ ಇಟ್ಟುಕೊಂಡರೆ ಆ ಹಿತ ಅತ್ತಲೂ ಹೋಗುತ್ತದೆ. ಮಗಳು ಎಷ್ಟು ದೂರವಿದ್ದರೂ ಸರಿ. ನಲ್ಲಿಯ ಸಾಲಿನಲ್ಲಿ ನಿಂತ ಮುದುಕಿ ಇದ್ದಕ್ಕಿದ್ದಂತೆ ಸೊಂಟ ಹಿಡಿದು ಕುಳಿತರೆ, "ಏನಬೇ, ಮಗಳು ಗಂಡನ ಮನಿಯಿಂದ ಸುದ್ದಿ ಕಳಿಸಿದ್ಲೇನು?" ಎಂದು ಎಲ್ಲರೂ ನಗುತ್ತಾರೆ. ಯಾವುದಾದರೂ ತಿಂಗಳು ಸುದ್ದಿ ಬಾರದಿದ್ದರೆ ಅದೇ ಮುದುಕಿ ಮನೆಮನೆಗೆ ಸಕ್ಕರೆ ಹಂಚುತ್ತಾಳೆ. ಹೆತ್ತವಳು, ಅವಳನ್ನು ಹೆತ್ತವಳು, ಹೀಗೆ ಹಿಂದಕ್ಕೆ ಹೋಗುವ ಸಾಲಿಗಷ್ಟೇ ಈ ನೋವು ಒಪ್ಪುತ್ತದೆ. ನೆರೆಯವಳು ಕಟ್ಟಿಕೊಂಡರೆ ಅದು ಬರಿಯ ಬಟ್ಟೆ. ಒಂದು ಹೊಟ್ಟೆಗೆ ಒಂದೇ ಡಾಬು. ಎರಡನೆಯ ಮಗಳಿಗೆ ಅಜ್ಜಿ ಪಾಲುದಾರಳಾಗುತ್ತಾಳೆ. ನನ್ನ ಅವ್ವ ಈಗಿಲ್ಲ.

ನನ್ನ ದೊಡ್ಡ ಮಗಳು ಚಂಪಾ ಹೋದ ವರ್ಷ ಜ್ವರದಲ್ಲಿ ತೀರಿಕೊಂಡಳು. ಹದಿನಾರು ತುಂಬಿತ್ತು. ಸತ್ತವರ ಡಾಬನ್ನು ಮಣ್ಣಿಗೆ ಕೊಡುವುದಿಲ್ಲ. ನೇಯ್ದವಳೇ ಬಂದು ಬಿಚ್ಚುತ್ತಾಳೆ. ನಮ್ಮ ಕೇರಿಯ ನೇಕಾರಳು ಹಂಪವ್ವ ನನ್ನ ಕಣ್ಣೆದುರಿಗೇ ಅದರ ಎಳೆಎಳೆ ಬಿಡಿಸಿ, ನೂಲನ್ನು ನೀರಿಗೆ ಹಾಕಿದಳು. ನನ್ನದನ್ನೂ ಕೇಳಿದಳು. ಇವತ್ತು ಬೇಡ ಎಂದೆ.

ಮುಂದಿನ ತಿಂಗಳು ನೋವು ಬಂತು.

ನನ್ನ ಮುಟ್ಟು ನಿಂತು ವರ್ಷಗಳಾಗಿವೆ, ಅದು ನನ್ನದಲ್ಲ. ಮಕ್ಕಳ ಹೆಜ್ಜೆಯ ಸಪ್ಪಳದಲ್ಲೇ ಯಾರು ಬಂದರೆಂದು ತಾಯಿಗೆ ಗೊತ್ತಾಗುವುದಿಲ್ಲವೇ, ಇದೂ ಹಾಗೆಯೇ. ಚಂಪಾಳ ನೋವು ಎಡಗಡೆ ಕೆಳಗೆ ಹಿಡಿದು, ತೊಡೆಯ ಒಳಗಿನಿಂದ ಮೊಣಕಾಲಿನವರೆಗೆ ಇಳಿದು, ಬಿಟ್ಟಂತೆ ಮಾಡಿ ಮತ್ತೆ ಹಿಡಿಯುತ್ತಿತ್ತು. ಹಾಗೆಯೇ ಬಂತು. ನಾನು ಹಿಟ್ಟಿನ ಕೈಯಲ್ಲೇ ನೆಲಕ್ಕೆ ಕುಳಿತೆ. ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಸಂತೋಷ. ತಾಯಿ, ಇದನ್ನು ಬೇರೆ ಯಾರಿಗೂ ಹೇಳಿಲ್ಲ. ಪ್ರತಿ ತಿಂಗಳೂ ಒಲೆಯ ಮುಂದೆ ಬಟ್ಟೆ ಕಾಯಿಸಿ ಇಟ್ಟುಕೊಂಡೆ. ಪ್ರತಿ ಸಲವೂ ನೋವು ಅವಳು ಇದ್ದಾಗಿನಂತೆಯೇ ನಿಧಾನಕ್ಕೆ ಸಡಿಲಿತು.

ಆ ನೋವು ಯಾವಾಗಲೂ ಅವಳಿದ್ದಾಗಿನಷ್ಟೇ, ಅಂದರೆ ಅರ್ಧವೇ ಇರುತ್ತಿತ್ತು. ಅದು ಹೊಳೆದ ದಿನ ಬಿಸಿ ಬಟ್ಟೆ ಕೈಯಲ್ಲೇ ಆರಿಹೋಯಿತು. ಮಗಳಿಲ್ಲ, ಅವಳ ಡಾಬಿಲ್ಲ. ಉಳಿದರ್ಧವನ್ನು ಯಾರು ಹೊರುತ್ತಿದ್ದಾರೆ?

ಅಷ್ಟರಲ್ಲಿ ಕಿರಿಯವಳು ಸುಗಲಾ ದೊಡ್ಡವಳಾದಳು. ಅಕ್ಕನಿಗಿಂತ ಹೆಚ್ಚಿನ ಬೇನೆ ಅವಳದು. ವಾಂತಿ ಮಾಡಿಕೊಂಡು ಗೋಡೆಗೆ ಹಣೆ ಒತ್ತಿ ನಿಲ್ಲುತ್ತಾಳೆ. ವೈದ್ಯರು ನೋಡಿ, ರೋಗವೇನಿಲ್ಲ, ಪಾಲು ಬೇಕು ಎಂದರು. ನಾನು ಮುಂದೂಡುತ್ತ ಬಂದೆ. ಮೊನ್ನೆ ಅವಳು ನನ್ನ ಸೊಂಟ ನೋಡುತ್ತ, "ನಾನೂ ಸತ್ತರ ನಂದೂ ಕಟ್ಟಿಕೊಳ್ತೀ ಏನಬೇ?" ಎಂದಳು. ಸಿಟ್ಟಿನಿಂದಲ್ಲ, ದಣಿದು ಕೇಳಿದಳು.

ಹಂಪವ್ವನನ್ನು ಕರೆಸಿದೆ. ಅವಳು ಬಾಗಿಲಲ್ಲೇ ಶುರು ಮಾಡಿದಳು. "ಶಾವಂತ್ರಿ, ನಿನ್ನ ಹೊಟ್ಟಿ ಏನ್ ಧರ್ಮಶಾಲಿ ಅಲ್ಲ. ಹೋದಾಕಿನ್ನ ಬಿಟ್ಟರನ ಇದ್ದಾಕಿಗೆ ಜಾಗ."

"ನಾ ಬಿಟ್ರ ಆಕಿಗೆ ಪೂರ್ತಿ ಬೀಳತೈತಿ."

"ಸತ್ತಾಕಿಗೆ ಎಲ್ಲಿ ಹೊಟ್ಟೀಬೇ?"

ಆಗಲೇ ಚಂಪಾಳ ನೋವು ಬಂದಿತ್ತು. ನಾನು ಅವಳ ಕೈ ಹಿಡಿದು ನನ್ನ ಹೊಟ್ಟೆಯ ಮೇಲಿಟ್ಟೆ. ಒಳಗೆ ಅದು ಬಿಗಿದು ತೊಡೆಯ ಕಡೆ ಇಳಿಯುವುದು ಅವಳ ಅಂಗೈಗೆ ಸಿಕ್ಕಿತು. ಹಂಪವ್ವ ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡಳು. ಒಲೆ ಹೊತ್ತಿಸಿರಲಿಲ್ಲ, ಬಟ್ಟೆ ಕಾಯಿಸಿರಲಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ನನ್ನ ಹೊಟ್ಟೆಯ ಮೇಲೆ ಬಿಸಿ ಬಂತು. ಬಟ್ಟೆಯ ಬಿಸಿಯಲ್ಲ. ಭಾರವಾದ, ಒಳಗೆ ನೀರು ತುಂಬಿದಂತೆ ಅಲುಗಾಡುವ ಬಿಸಿ. ನಮ್ಮಲ್ಲಿ ಅಂಥ ವಸ್ತುವೇ ಇಲ್ಲ.

ಹೇಳಿದೆ. ಹಂಪವ್ವ ಹೊಸ್ತಿಲ ಮೇಲೆ ಕುಳಿತಳು. "ಮುತ್ತಜ್ಜಿ ಹೇಳ್ತಿದ್ಲು. ಹಿಂದಿನವರು ರಬ್ಬರ್ ಚೀಲದಾಗ ಬಿಸಿನೀರ ತುಂಬಿ ಇಟ್ಕೋತಿದ್ರಂತ." ಆಮೇಲೆ ದನಿ ಇಳಿಸಿ, "ಚಂಪಾನ ಜೋಡಿಗೆ ಹೊಸ ನೂಲು ಸಿಕ್ಕಿರಲಿಲ್ಲ, ಶಾವಂತ್ರಿ. ನಿಮ್ಮ ಮನಿ ಪೆಟಗ್ಯಾಗಿನ ಹಳೇ ಸೀರಿ ಬಿಡಿಸಿ ನೇಯ್ದಿದ್ದೆ. ಯಾವ ಕಾಲದ್ದೋ, ಯಾರು ಉಟ್ಟಿದ್ದೋ" ಎಂದಳು.

ನೀವು ಉಟ್ಟದ್ದು, ತಾಯಿ; ನಿಮ್ಮ ಸೊಂಟ ಸುತ್ತಿದ್ದ ಆ ನೂಲೇ ಚಂಪಾಳ ಉಳಿದರ್ಧವನ್ನು ನಿಮಗೆ ಮುಟ್ಟಿಸುತ್ತಿದೆ. ನನ್ನ ಅವ್ವನ ಅವ್ವಂದಿರ ಸಾಲಿನಲ್ಲಿ ಎಲ್ಲೋ ಹಿಂದೆ ಇರುವವರು ನೀವು. ನಿಮ್ಮ ಕಾಲದಲ್ಲಿ ಡಾಬಿರಲಿಲ್ಲ; ಒಬ್ಬೊಬ್ಬರೂ ತಮ್ಮದನ್ನು ತಾವೇ ಹೊತ್ತಿರಿ. ತಿಂಗಳ ಆ ದಿನಗಳಲ್ಲಿ ನಿಮ್ಮ ನೋವಿನ ಪಕ್ಕದಲ್ಲಿ ಇನ್ನೊಂದು ನೋವು ಬಂದು ಕೂರುವುದನ್ನು ನೀವು ಗಮನಿಸಿರಬೇಕು. ಎಡಗಡೆಯದು, ತೊಡೆಗೆ ಇಳಿಯುವುದು. ಅದು ನನ್ನ ಮಗಳು.

ನಾಳೆ ಹಂಪವ್ವ ಬಂದು ನನ್ನ ಡಾಬು ಬಿಚ್ಚಿ ಸುಗಲಾಳದನ್ನು ಕಟ್ಟುತ್ತಾಳೆ. ಆಗಲಿ ಎಂದು ಒಪ್ಪಿದ್ದೇನೆ. ಹಾಗಾದ ಮೇಲೆ ಚಂಪಾಳದು ಪೂರ್ತಿ ನಿಮಗೇ ಬರುತ್ತದೆ. ನಿಮ್ಮನ್ನು ಕೇಳದೆ ಮಾಡುತ್ತಿದ್ದೇನೆ, ಮನ್ನಿಸಿ. ಹೆದರಿ ಓಡಿಸಬೇಡಿ, ಅವಳಿಗೆ ಹೋಗಲು ಬೇರೆ ಮನೆಯಿಲ್ಲ. ಎಡಮಗ್ಗುಲಿಗೆ ತಿರುಗಿ ಮೊಣಕಾಲು ಮಡಚಿ ಮಲಗಿರಿ, ಅವಳಿಗೆ ಹಾಗೆ ಹಿತ. ಬಿಸಿ ಹದವಾಗಿರಲಿ, ಚರ್ಮ ಸುಡಬಾರದು. ಸೊಂಟದ ಕೆಳಗೆ ಅಂಗೈಯ ಬುಡದಿಂದ ಮೆಲ್ಲಗೆ ಒತ್ತಿಸಿಕೊಳ್ಳಿ. ಕಷಾಯಕ್ಕೆ ಬೆಲ್ಲ ಒಂದು ಚೂರು ಜಾಸ್ತಿ ಹಾಕಿ. ಆ ಹೊತ್ತಿನಲ್ಲಿ ಮಾತಾಡಿಸಿದರೆ ಸಿಡುಕುತ್ತಾಳೆ, ಬೇಜಾರು ಮಾಡಿಕೊಳ್ಳಬೇಡಿ. ನೋವು ಸಡಿಲಿದ ಮೇಲೆ ಒಂದು ಸಲ, ಒಂದೇ ಒಂದು ಸಲ, ಅವಳ ಹೆಸರು ಹಿಡಿದು ಕರೆಯಿರಿ.

ನಿಮ್ಮ ಸಾಲಿನವಳು,
ಶಾವಂತ್ರವ್ವ