ಗುಡ್ಡ ಹತ್ತಿ ಮರಳಿದ ಬೆಳಕು

ಮಾರ್ಚ್ ೧೪, ಗುರುವಾರ

ಬೆಳಗ್ಗೆಯಿಂದ ಒಂದೇ ವಿಷಯ ತಲೆ ತಿನ್ನುತ್ತಿದೆ. ದೇಶದ ಕಾಲೇಜು, ಪ್ರಯೋಗಾಲಯಗಳನ್ನೆಲ್ಲ ವೇಗದ ಒಂದೇ ಕಂಪ್ಯೂಟರ್ ಜಾಲಕ್ಕೆ ಸೇರಿಸುವ ಕೆಲಸದಲ್ಲಿ ಹನ್ನೊಂದು ವರ್ಷ ಸವೆಸಿದವಳು ನಾನು. ಗುಡ್ಡದ ಮೇಲಿನ ಕಾಲೇಜೂ ಸೇರಿತು ಎಂದು ಸೋಮವಾರ ವರದಿ ಕೊಟ್ಟಿದ್ದೆ. ಇಲ್ಲಿಂದ ಬಿಟ್ಟ ಸಂಕೇತಕ್ಕೆ ಒಂದಿಷ್ಟೂ ತಪ್ಪಿಲ್ಲದೆ ಉತ್ತರ ಬರುತ್ತಿತ್ತು. ಹಸಿರು ದೀಪವೂ ಉರಿಯುತ್ತಿತ್ತು.

ಇವತ್ತು ಅಲ್ಲಿನ ಲ್ಯಾಬಿನ ಮೇಷ್ಟ್ರು ಫೋನ್ ಮಾಡಿದರು. "ಮೇಡಂ, ಜಾಲಕ್ಕೆ ಸೇರಿಸ್ಬೇಕಾದ ನಮ್ಮ ಮೆಷಿನ್ ಇನ್ನೂ ಡಬ್ಬದಲ್ಲೇ ಇದೆ. ನೀವು ಇಷ್ಟು ದಿನ ಯಾರ ಜೊತೆ ಮಾತಾಡ್ತಿದ್ರಿ?"

ಹೋದ ತಿಂಗಳು ಪರೀಕ್ಷೆಗೆಂದು ಗುಡ್ಡಕ್ಕೆ ಹೋದಾಗ, ಸಂಕೇತವನ್ನು ಬೆಳಕಾಗಿ ಅಲ್ಲಿಗೆ ಒಯ್ಯುವ ಗಾಜಿನ ಎಳೆಯನ್ನು ಅಲ್ಲಿಂದ ಬರುವ ಎಳೆಗೆ ಗೇಣುದ್ದದ ಕೇಬಲ್ಲಿನಿಂದ ನಾನೇ ಜೋಡಿಸಿದ್ದೆ. ಬಿಚ್ಚುವುದನ್ನು ಮರೆತು ಬಂದಿದ್ದೆ. ಮೂರು ದಿನ ನನ್ನ ಬೆಳಕೇ ಗುಡ್ಡ ಹತ್ತಿ ಇಳಿದು ನನಗೆ ಉತ್ತರ ಕೊಡುತ್ತಿತ್ತು. ಆಫೀಸಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ.

ರಾತ್ರಿ ಎಂಟಕ್ಕೆ ಇವರ ಫೋನ್. ಅವರಿಗೆ ಬೇರೆ ಊರಿನಲ್ಲಿ ಕೆಲಸ. ನಾಲ್ಕು ವರ್ಷದಿಂದ ನಮ್ಮ ಸಂಸಾರ ಫೋನಿನಲ್ಲೇ. ದಿನಾ ನಾನೇ ಮೊದಲು "ಊಟ ಆಯ್ತಾ?" ಎನ್ನುತ್ತೇನೆ. "ಆಯ್ತು. ನಿಂದಾಯ್ತಾ?" ಎನ್ನುತ್ತಾರೆ. "ಏನ್ ಸಮಾಚಾರ?" ಎಂದರೆ "ಏನಿಲ್ಲ, ನಿಂದೇನ್ ಸಮಾಚಾರ?" ಇದನ್ನೇ ನಾನು ಮಾತುಕತೆ ಎಂದುಕೊಂಡಿದ್ದೆ.

ಇವತ್ತು ಬೇಕೆಂದೇ ಕೇಳಲಿಲ್ಲ. ಸುಮ್ಮನೆ ಕಾದೆ. ಅವರ ಕೋಣೆಯ ಫ್ಯಾನಿನ ಸದ್ದು ಚೆನ್ನಾಗಿ ಕೇಳುತ್ತಿತ್ತು.

"ಸರಿ ಹಾಗಾದ್ರೆ, ಇಡ್ಲಾ?" ಎಂದರು.

ತಟ್ಟೆ ಮುಚ್ಚಿಟ್ಟಿದ್ದು ಹಾಗೇ ಇದೆ. ನಾಳೆ ಗುಡ್ಡಕ್ಕೆ ಹೋಗಿ ಆ ಕೇಬಲ್ ಬಿಚ್ಚಬೇಕು. ಬಿಚ್ಚಿದ ಕೂಡಲೇ ಇಲ್ಲಿ ಹಸಿರು ದೀಪ ಆರುತ್ತದೆ. ಆರಬೇಕಾದದ್ದೇ, ಆದರೂ ಬಿಚ್ಚಲು ಮನಸ್ಸು ಬರುತ್ತಿಲ್ಲ.