ಎಡಗಡೆ ಹಿಂದಿನ ಚಕ್ರ

ಹೊಲಿಗೆ ಅಂಗಡಿಯಿಂದ,
ಹತ್ತನೇ ತಾರೀಖು, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹಡಗಿನ ಹೊಟ್ಟೆಯೊಳಗೆ ಬಗ್ಗಿಕೊಂಡು ವೆಲ್ಡಿಂಗ್ ಮಾಡುವವನಿಗೆ ಬೆನ್ನು ನೋಯದೆ ಇನ್ನೇನು ನೋಯುತ್ತದೆ, ಆದರೂ ಕೇಳುವುದು ತಾಯಿಯ ಕೆಲಸ. ಬಿಸಿನೀರಿನ ಶಾಖ ಕೊಡು. "ಕೊಡ್ತಾ ಇದ್ದೀನಮ್ಮಾ" ಎಂದು ಹೇಳಬೇಡ, ಕೊಡು. ನಾನು ಚೆನ್ನಾಗಿದ್ದೇನೆ. ನಿನ್ನ ಅಪ್ಪನೂ ಚೆನ್ನಾಗಿದ್ದಾರೆ ಎಂದು ಅವರೇ ಹೇಳಿಕೊಳ್ಳುತ್ತಾರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನು ಹಿಡಿದರೆ ಸಾಕು, ಅವರಿಗೆ ಅದೇ ಕೋಣೆಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತದೆ. ಅದಕ್ಕೇ ಗಿರಾಕಿಗಳಿಲ್ಲದ ಹೊತ್ತು ನೋಡಿ ಇಲ್ಲಿ ಕೂತು ಬರೆಯುತ್ತಿದ್ದೇನೆ. ಓದಿ ಹರಿದುಹಾಕು.

ವಿಷಯ ಕಾರಿನದು. ನಿನಗಿಂತ ವಯಸ್ಸಾದ ಆ ಸೆಡಾನಿಗೆ ಅಪ್ಪ ಮಗ ಸೇರಿ ಗಿಡ್ಡ ಸ್ಪ್ರಿಂಗು ಹಾಕಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ಕೆಳಗಿಳಿಸಿ, ಅಗಲ ಟೈರು ತೊಡಿಸಿ, ಮುದುಕಿಗೆ ಮದುವೆ ಅಲಂಕಾರ ಮಾಡಿದಿರಲ್ಲ, ಅದೇ ನನ್ನ ಸವತಿ. ಹಿಂದಿನ ಎರಡು ಟೈರು ಹೊಸದು ಹಾಕಿಸಿ ವರ್ಷ ತುಂಬಿರಲಿಲ್ಲ. ಕೈಜಾರಿ ಉರುಳಿದ ಗುಂಡಿಯೊಂದನ್ನು ಹುಡುಕಲು ಕಾರಿನ ಹಿಂದೆ ಬಗ್ಗಿದವಳು ನೋಡುತ್ತೇನೆ, ಎರಡೂ ಟೈರಿನ ಒಳ ಅಂಚು ಬೋಳಾಗಿ ತಂತಿ ಇಣುಕುತ್ತಿದೆ! ಹೊರ ಅಂಚು ಮಾತ್ರ ಅಂಗಡಿಯಿಂದ ತಂದ ಹಾಗೇ ಇತ್ತು. ನಾನು ಟೈಲರು ಕಣಪ್ಪ. ಪ್ಯಾಂಟಿನ ಅಂಚು ನೋಡಿ ಯಾರು ಯಾವ ಕಾಲು ಎಳೆದು ನಡೆಯುತ್ತಾರೆ ಎಂದು ಹೇಳಬಲ್ಲೆ. ಇಷ್ಟು ಬೇಗ ಇಷ್ಟು ಸವೆದಿದೆ ಎಂದರೆ ಈ ಮನುಷ್ಯ ನನಗೆ ಹೇಳದೆ ಎಲ್ಲಿಗೋ ದೂರ ಹೋಗಿ ಬರುತ್ತಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ. ಕೇಳಿದರೆ, "ಮಾರ್ಕೆಟ್ಟಿಗೆ ಹೋಗಿ ಬರ್ತೀನಿ, ಇನ್ನೆಲ್ಲಿಗೆ ಹೋಗ್ಲೇ?" ಎಂದರು. ಕೇಳಿದ್ದು ಒಂದು ಪ್ರಶ್ನೆ, ಅದಕ್ಕೆ ಕೂಡಲೇ ಮುಖ ತಿರುಗಿಸಿದ್ದೇಕೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗೆ.

ಮರುದಿನ ಅಂಗಡಿಗೆ ಹೊರಡುವ ಮೊದಲು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಟೈರಿನ ಮೇಲೆ ಅಡ್ಡಕ್ಕೆ ಗೆರೆ ಎಳೆದೆ. ನಗಬೇಡ. ಸಂಜೆ ಬಂದು ನೋಡಿದರೆ ಒಳಗಡೆ ಗೆರೆ ಮಾಯ, ಹೊರಗಡೆ ಹಾಗೇ ಇದೆ. ಕಾರು ಓಡಿದ್ದರೆ ಪೂರ್ತಿ ಅಳಿಸಬೇಕಿತ್ತು, ಓಡದಿದ್ದರೆ ಪೂರ್ತಿ ಉಳಿಯಬೇಕಿತ್ತು. ಅಂದರೆ ನನ್ನ ಗುರುತು ಇವರ ಕಣ್ಣಿಗೆ ಬಿದ್ದು, ಅರ್ಧ ಒರೆಸಿ ನನ್ನನ್ನೇ ಆಡಿಸುತ್ತಿದ್ದಾರೆ ಎಂದುಕೊಂಡೆ. ಅದರ ಮೇಲೆ ಇನ್ನೊಂದು ಕಿವಿಗೆ ಬಿತ್ತು. ಇವರು ವಾರವಾರ ಚಕ್ರ ಸರಿಮಾಡುವ ಅಲೈನ್‌ಮೆಂಟ್ ಅಂಗಡಿಗೆ ಹೋಗುತ್ತಾರಂತೆ, ಆ ಅಂಗಡಿ ನಡೆಸುವುದು ಒಬ್ಬ ಹೆಂಗಸಂತೆ. ಆ ರಾತ್ರಿ ಊಟ ಬಡಿಸಿದ ರೀತಿಯಲ್ಲೇ ಅವರಿಗೆ ವಿಷಯ ಅರ್ಥವಾಗಿರಬೇಕು.

ಒಳ್ಳೆ ಸೀರೆ ಉಟ್ಟುಕೊಂಡೇ ಅಲ್ಲಿಗೆ ಹೋದೆ. ಅಲ್ಲಿ ಕಾರಿನಡಿಯ ಗುಂಡಿಯಿಂದ ಮೇಲೆ ಬಂದವಳು ನನಗಿಂತ ಹಿರಿಯಳು, ಮೊಣಕೈವರೆಗೆ ಗ್ರೀಸು, ಬಾಯಲ್ಲಿ ಬೈಗುಳ. ನನ್ನ ಸೀಮೆಸುಣ್ಣದ ಕಥೆ ಕೇಳಿ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಅಕ್ಕಾ, ಯಾರೂ ಒರೆಸಿಲ್ಲ! ಗಾಡಿ ಇಳಿಸಿದ್ದಾರಲ್ಲ, ಹಿಂದಿನ ಚಕ್ರದ ತಲೆ ಒಳಗೆ ವಾಲಿದೆ. ಒಳ ಅಂಚು ಮಾತ್ರ ನೆಲಕ್ಕೆ ಉಜ್ಜುತ್ತೆ" ಎಂದಳು. ಜೊತೆಗೆ ಚಕ್ರಗಳ ಮೂತಿಯೂ ಕೊಂಚ ಆಚೆ ತಿರುಗಿದ್ದರಿಂದ, ಕಾರು ನೆಟ್ಟಗೆ ಹೋದರೂ ಟೈರು ಅಡ್ಡಕ್ಕೆ ಎಳೆದುಕೊಂಡೇ ಹೋಗುತ್ತಿತ್ತಂತೆ. ಮಾರ್ಕೆಟ್ಟಿಗೆ ಹೋಗಿ ಬಂದರೂ ಸಾಕು, ಸವೆಯುತ್ತದಂತೆ. ಹಿಂದಿನ ಚಕ್ರ ಹಿಡಿದಿರುವ ಕಬ್ಬಿಣದ ತೋಳುಗಳನ್ನು ತೆಗೆದು, ಉದ್ದ ಹೊಂದಿಸಬಹುದಾದ ಬೇರೆ ತೋಳು ಹಾಕಿ, ಎರಡೂ ಚಕ್ರ ನೆಟ್ಟಗೆ ನಿಲ್ಲಿಸಿಕೊಟ್ಟಳು. ಹೊಸ ಟೈರೂ ಬಂತು. ಮನೆಗೆ ಬಂದು ನಿನ್ನ ಅಪ್ಪನ ಮುಖ ನೋಡಲು ನನಗೇ ನಾಚಿಕೆಯಾಯಿತು.

ಅಲ್ಲಿಗೆ ಮುಗಿದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಅನುಮಾನ ಒಮ್ಮೆ ಮನೆ ಹೊಕ್ಕರೆ ಬಾಡಿಗೆ ಕೊಡದೆ ಕೂರುತ್ತದೆ ನೋಡು, ನಾನು ಟೈರು ನೋಡುವುದನ್ನು ಬಿಡಲಿಲ್ಲ. ಬಲಗಡೆಯದು ಸಮವಾಗಿ ಸವೆಯುತ್ತಿತ್ತು. ಎಡಗಡೆಯದು ಮಾತ್ರ ಮತ್ತೆ ಒಳಗಿನಿಂದ ಬೋಳಾಗತೊಡಗಿತು, ರಿಮ್ಮಿನ ಸುತ್ತ ಕೆರೆದ ಗಾಯ. ರಸ್ತೆ ನೆಟ್ಟಗಿದ್ದರೂ ಅವರು ಸ್ಟೀರಿಂಗನ್ನು ಓರೆಯಾಗಿ ಹಿಡಿದಿರುತ್ತಿದ್ದರು. ಮತ್ತೆ ಅವಳ ಹತ್ತಿರ ಹೋದೆ. ಈ ಸಲ ಅವಳು ನಗಲಿಲ್ಲ, ಸ್ಪ್ಯಾನರು ಒರೆಸುತ್ತ ನಿಂತಳು. "ಅಣ್ಣ ಮನೇಲಿ ಹೇಳ್ಬೇಡ ಅಂದಿದ್ದಾರೆ ಅಕ್ಕಾ. ಆ ಕಡೆ ತೋಳು ಬಗ್ಗಿತ್ತು, ಬದಲಾಯಿಸಿಕೊಟ್ಟೆ. ಮತ್ತೆ ಬಗ್ಗಿಸಿಕೊಂಡು ಬಂದ್ರು. ಎರಡೂ ಚಕ್ರ ಸವೆದ್ರೆ ಗಾಡಿ ತಪ್ಪು. ಒಂದೇ ಸವೆದ್ರೆ..." ಎಂದು ಸ್ಪ್ಯಾನರನ್ನೇ ಸ್ಟೀರಿಂಗಿನ ಹಾಗೆ ತಿರುಗಿಸಿ ತೋರಿಸಿದಳು. ಹೊಸ ತೋಳು ಹಾಕಿದ ಮೇಲೂ ಅವರು ವಾರವಾರ ಅಲ್ಲಿಗೆ ಹೋಗುತ್ತಿದ್ದದ್ದು ಇದನ್ನು ಮುಚ್ಚಿಡುವುದಕ್ಕೆ.

ಕಳೆದ ಭಾನುವಾರ ನಾನೂ ಬರುತ್ತೇನೆ ಎಂದು ಹಟ ಮಾಡಿ ಪಕ್ಕದ ಸೀಟಿನಲ್ಲಿ ಕೂತೆ. ಬೇಕರಿಯ ಹತ್ತಿರ ಎಡಕ್ಕೆ ತಿರುಗಿಸಿದರು. ಮೂಲೆಯಲ್ಲಿ ಸೈಕಲ್ ಹಿಡಿದು ನಿಂತವನೊಬ್ಬ ಹಿಂದಕ್ಕೆ ಹಾರಿದ, ಹಿಂದಿನ ಚಕ್ರ ದಡ್ ಎಂದು ಫುಟ್‌ಪಾತ್ ಹತ್ತಿ ಇಳಿಯಿತು. "ಈ ರಸ್ತೆ ಅಗಲ ಕಮ್ಮಿ ಮಾಡ್ಬಿಟ್ಟಿದ್ದಾರೆ ಕಣೇ" ಎಂದರು. ಸೈಕಲ್ಲಿನವನ ಸುದ್ದಿಯೇ ಎತ್ತಲಿಲ್ಲ. ನಾನು ಒಂದು ಪೆಪ್ಪರ್‌ಮೆಂಟ್ ತೆಗೆದು, ಕಾಗದ ಪರಪರ ಬಿಚ್ಚಿ, ಅವರ ಎಡಕೆನ್ನೆಯ ಪಕ್ಕ ಅಂಗೈಯಲ್ಲಿ ಹಿಡಿದುಕೊಂಡು ಕೂತೆ. ಸ್ವಲ್ಪ ಹೊತ್ತಾದ ಮೇಲೆ, ರಸ್ತೆ ನೋಡುತ್ತಲೇ, "ಒಬ್ಬಳೇ ತಿಂತೀಯಾ? ನನಗೂ ಒಂದು ಕೊಡಬಾರದಾ?" ಎಂದರು. ಅಂಗೈ ಅಲ್ಲೇ ಇತ್ತು ಮಗನೇ. ಅಷ್ಟು ದಿನ ಪರ ಹೆಂಗಸನ್ನು ಹುಡುಕಿದವಳು, ಅದೇ ನಿಜವಾಗಿದ್ದರೂ ಇದಕ್ಕಿಂತ ಮೇಲಿತ್ತಲ್ಲ ಎಂದು ಅತ್ತುಬಿಟ್ಟೆ. ಎಡಗಡೆ ಅತ್ತರೆ ಅವರಿಗೆ ಕಾಣುವುದಿಲ್ಲ, ಅದೊಂದು ಅನುಕೂಲ.

ಜೀವಮಾನವೆಲ್ಲ ಆಂಬುಲೆನ್ಸ್ ಓಡಿಸಿ ಒಂದು ಗೀರು ಬೀಳಿಸದವರು ಅವರು. ಕಣ್ಣಿನ ಡಾಕ್ಟರು ಎಂದರೆ ಸಾಕು, "ನಿನ್ನ ಕಣ್ಣು ತೋರಿಸ್ಕೋ, ಸೂಜಿಗೆ ದಾರ ಪೋಣಿಸೋಕೆ ಆಗಲ್ಲ ನಿನಗೆ" ಎಂದು ಎದ್ದು ಹೋಗುತ್ತಾರೆ. ಡಾಕ್ಟರು ಎಲ್ಲಿ ಕಾರು ಬಿಡಿಸುತ್ತಾರೋ ಎಂಬ ಭಯ.

ಹೊತ್ತು ಹೊತ್ತಿಗೆ ಊಟ ಮಾಡು. ದೇವರು ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ. ಜೊತೆಯ ಹುಡುಗರಿಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ,
ಅಮ್ಮ

ಮರೆತಿದ್ದೆ: ಮುಂದಿನ ವಾರ ನಿನ್ನ ಅಕ್ಕ ಮಗಳನ್ನು ರಜೆಗೆ ಇಲ್ಲಿ ಬಿಡುತ್ತಾಳೆ. ದಿನಾ ಈಜಲು ಕರೆದುಕೊಂಡು ಹೋಗುತ್ತೇನೆ ಎಂದು ಅಜ್ಜ ಮಾತು ಕೊಟ್ಟಾಗಿದೆ. ಆ ಮಗು ಕೂರುವುದು ಹಿಂದಿನ ಸೀಟಿನಲ್ಲಿ, ಎಡಗಡೆ. ಅದಕ್ಕೇ ಕಾಗದ ಸೇರಿದ ಕೂಡಲೇ ಫೋನು ಮಾಡಿ, ಕಾರು ನನಗೆ ಬೇಕು ಅಪ್ಪಾ ಎಂದು ಕೇಳು. ಹೋದ ಸಲ ಕೇಳಿ ಬೈಸಿಕೊಂಡಿದ್ದೀಯ, ಗೊತ್ತು, ಇನ್ನೊಮ್ಮೆ ಬೈಸಿಕೋ. ಮಗನಿಗೆ ಕೊಟ್ಟೆ ಎಂದರೆ ಅವರ ತಲೆ ತಗ್ಗುವುದಿಲ್ಲ. ಆಮೇಲೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುವುದು ನನಗಿರಲಿ. ಅಲ್ಲಿಯವರೆಗೆ ಕೀ ನನ್ನ ಮಿಷನ್ನಿನ ಡ್ರಾಯರಿನಲ್ಲಿರುತ್ತದೆ. ಬೆಳಿಗ್ಗೆಯಿಂದ ಮನೆಯೆಲ್ಲ ಹುಡುಕುತ್ತಿದ್ದಾರೆ. ಇನ್ನೊಂದು ಕೀ ಬಚ್ಚಿಡಲು ನನಗೆ ನೆನಪೇ ಆಗಿರಲಿಲ್ಲ, ಅದು ಊಟದ ಮೇಜಿನ ಎಡತುದಿಯಲ್ಲೇ ಬಿದ್ದಿತ್ತು. ಅದರ ಪಕ್ಕದಲ್ಲೇ ಕೈಯೂರಿ ನಿಂತು, "ಎಲ್ಲಿ ಹಾಳಾಗಿ ಹೋಯ್ತೇ?" ಎಂದು ನನ್ನನ್ನು ಕೇಳಿದರು.