ಗಾದಿಲಿಂಗಪ್ಪನ ಹಾಜರಿ

ಕಲ್ಲು ಕ್ರಷರ್ ಮಾಲೀಕ ವೀರನಗೌಡರಿಗೆ,

ನಾಳೆಯಿಂದ ನಾನು ನಿಮ್ಮ ಆಫೀಸಿನ ಕಂಪ್ಯೂಟರ್ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಕ್ರಷರ್‌ಗೆ ಸಿಕ್ಕಿ ಸತ್ತ ಗಾದಿಲಿಂಗಪ್ಪ ಅಂದು ಡ್ಯೂಟಿಯಲ್ಲೇ ಇರಲಿಲ್ಲವೆಂದು ತೋರಿಸಲು ಹಾಜರಿ ಅಳಿಸೆಂದಿರಿ; ನಾನು ಒಪ್ಪದಿದ್ದಾಗ ನನ್ನ ಬಲಗೈಯ ಮೂರು ಬೆರಳುಗಳನ್ನು ರಾಡಿನಿಂದ ಜಜ್ಜಿದಿರಿ. “ಇನ್ನೊಂದು ಕೈ ಐತಲ್ಲಲೇ, ಜಲ್ದಿ ಅಳಸು” ಎಂದಿರಿ. ಸರ್ವರ್‌ನ ಹಾಜರಿಯಿಂದ ಅವನ ಹೆಸರನ್ನು ಎಡಗೈಯಲ್ಲಿ ಕಮಾಂಡ್ ಟೈಪಿಸಿ ಅಳಿಸಿದೆ. ಪರದೆಯಲ್ಲಿ ಹೆಸರು ಮಾಯವಾದದ್ದನ್ನು ನೋಡಿ ನೀವು ಹೊರಟಿರಿ.

ಆದರೆ ಕೊನೆಯಲ್ಲಿ ‘ಕಮಿಟ್’ ಎಂದು ಟೈಪಿಸುವವರೆಗೆ ನಮ್ಮ ಸರ್ವರ್‌ನಲ್ಲಿ ಯಾವುದೂ ಖಾಯಂ ಆಗಿ ಅಳಿಯುವುದಿಲ್ಲ. ನಾನು ‘ರೋಲ್‌ಬ್ಯಾಕ್’ ಎಂದು ಟೈಪಿಸಿದೆ. ಹೆಸರು ಮರಳಿ ಬಂತು. ಅದರ ಪ್ರಿಂಟ್ ಹಿಡಿದು ಅವನ ಹೆಂಡತಿ ಉಚ್ಚಂಗೆಮ್ಮ ಈಗ ಸಂಡೂರು ಠಾಣೆಯಲ್ಲಿ ಕುಳಿತಿದ್ದಾರೆ.

ಕೀಬೋರ್ಡ್ ಮೇಲಿನ ರಕ್ತ ಒರೆಸಬೇಡಿ, ಪೊಲೀಸರು ನೋಡಲಿ. ನನ್ನ ಊಟದ ಡಬ್ಬಿ ಕಳಿಸಿಕೊಡಿ.

ಇಂತಿ,
ನೀವು ಉಳಿಸಿದ ಎಡಗೈಯಿಂದ,
ಯಲ್ಲೇಶ್